ಮೇಲಿನ ಗುಡಿ

ದೇವೇಂದ್ರಪ್ಪನಿಗೆ ಇಂಗ್ಲಿಷ್ ಬರುತ್ತದೆ ಎಂಬುದು ಯಲಬುರ್ಗಿಯಿಂದ ತುಂಗಭದ್ರೆಯ ದಂಡೆಯವರೆಗೆ ನೆಂಟರಿಷ್ಟರಿಗೆಲ್ಲ ಗೊತ್ತಿತ್ತು. ಅವನು ಅದುವರೆಗೆ ಒಬ್ಬ ಇಂಗ್ಲಿಷಿನವನ ಬಾಯಿಂದಲೂ ಆ ಭಾಷೆ ಕೇಳಿರಲಿಲ್ಲ ಎಂಬುದು ಮಾತ್ರ ಅವನೊಬ್ಬನಿಗೇ ಗೊತ್ತಿತ್ತು.

ಯಲಬುರ್ಗಿಯ ಕಿರಾಣಿ ಅಂಗಡಿಯ ಮನೆತನ ಅವನದು. ನಿಜಾಮರ ಸೀಮೆಯ ಎಲ್ಲ ಹುಡುಗರ ಹಾಗೆ ಮನೆಯಲ್ಲಿ ಕನ್ನಡ ಆಡಿ, ಶಾಲೆಯಲ್ಲಿ ಉರ್ದುವಿನಲ್ಲಿ ಓದಿದವನು. ಇಂಗ್ಲಿಷನ್ನು ಪುಸ್ತಕದಿಂದಲೇ ಕಲಿತ. ಒಂದೊಂದು ಶಬ್ದದ ಅರ್ಥವನ್ನು ನೋಡಿ, ಅದನ್ನು ಸಾಲಾಗಿ ಜೋಡಿಸಿಕೊಂಡು, ಕನ್ನಡದಲ್ಲಿ ಏನಾಗುತ್ತದೆ ಎಂದು ಯೋಚಿಸುವುದು ಅವನ ಪದ್ಧತಿ. ಕೊಪ್ಪಳದ ಒಂದು ಸಣ್ಣ ಖಾಸಗಿ ಶಾಲೆಯಲ್ಲಿ ಅದನ್ನೇ ಮಕ್ಕಳಿಗೂ ಕಲಿಸುತ್ತಿದ್ದ. ಮೃದು ಸ್ವಭಾವದವನು. ತಪ್ಪು ಮಾಡಿದ ಹುಡುಗನಿಗಿಂತ ತಾನೇ ಹೆಚ್ಚು ನಾಚಿಕೊಳ್ಳುತ್ತಿದ್ದ.

ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ಅಕ್ಕ ವಿರೂಪಾಕ್ಷಮ್ಮ. ತಾಯಿ ತೀರಿಕೊಂಡಾಗ ಇವನಿಗೆ ಇನ್ನೂ ಹಾಲು ಹಲ್ಲು. ಅಕ್ಕನನ್ನು ಹೊಳೆಯ ದಂಡೆಯ ಕರೇಬಂಡಿ ಎಂಬ ಊರಿಗೆ ಕೊಟ್ಟಿದ್ದರು. ಗಂಡ ವಿಷಮಜ್ವರದಲ್ಲಿ ಹೋದ ಮೇಲೆ ಆಕೆಯೇ ನಿಂತು ಭತ್ತ, ಬಾಳೆ ಬೆಳೆಯುತ್ತಿದ್ದಳು. ಮನೆಯಲ್ಲಿ ಆಕೆ, ಮಗಳು ಶೇಖರಮ್ಮ, ಇಬ್ಬರೇ.

ಕರೇಬಂಡಿಯಲ್ಲಿ ಎರಡು ಗುಡಿಗಳಿದ್ದವು. ಹೊಳೆಯ ಅಂಚಿನಲ್ಲಿ, ಮೆಟ್ಟಿಲಿಳಿದರೆ ನೀರು ಸಿಗುವಲ್ಲಿ, ಗಂಗಮ್ಮನ ಗುಡಿ. ಊರು ದಾಟಿ ಹೊಲ ದಾಟಿ ಬಂಡೆಗಲ್ಲಿನ ಗುಡ್ಡದ ನಡುವಿಗೆ ಏರಿದರೆ ಮಲ್ಲಯ್ಯನ ಗುಡಿ. ಎರಡರ ನಡುವೆ ಇಡೀ ಊರು, ಗದ್ದೆ, ತೋಟ, ಬಾವಿ ಎಲ್ಲವೂ ಇದ್ದವು.

ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಹೊಳೆಗೆ ದೊಡ್ಡ ಕಟ್ಟೆ ಕಟ್ಟುತ್ತಾರೆಂಬ ಸುದ್ದಿ ಹಬ್ಬಿತು. ಕಟ್ಟೆಯ ಹಿಂದೆ ನೀರು ನಿಂತು ಊರೂರು ಮುಳುಗುತ್ತವೆ ಎಂದರು. ಎಷ್ಟು ಊರು, ಎಲ್ಲಿಯ ತನಕ ಎಂಬುದನ್ನು ಯಾರೂ ಹೇಳಲಿಲ್ಲ. ವಿರೂಪಾಕ್ಷಮ್ಮನ ಗಂಡನ ದಾಯಾದಿ ಹಂಪಣ್ಣ ಕುಷ್ಟಗಿಯಲ್ಲಿದ್ದ. ಅವನು ಸುದ್ದಿ ಕೇಳಿದವನೇ ಬಂದ.

"ವೈನಿ, ಮುಳುಗೂ ಊರಾಗ ಇದ್ದು ಏನ ಮಾಡ್ತೀರಿ? ನಮ್ಮೂರ ಬಾಜೂಕ ಎರಿ ಹೊಲ ಒಂದು ಐತಿ. ನೀವು ಮಾಡ್ಕೊಂಡು ತಿನ್ರಿ. ಶೇಖರವ್ವನ್ನ ನಮ್ಮ ಕಡೆನ ಒಂದು ಛಲೋ ಮನಿ ನೋಡಿ ಕೊಡೂಣು," ಅಂದ.

ಆಕೆಗೆ ಹೊಳೆ ಬಿಡುವ ಮನಸ್ಸಿರಲಿಲ್ಲ. ಆದರೂ ಒಪ್ಪಿದಳು. ಸುಗ್ಗಿ ಮುಗಿದೊಡನೆ ಬಂಡಿ ಕಟ್ಟುವುದೆಂದು ಮಾತಾಯಿತು.

ಅಷ್ಟರಲ್ಲಿ ಊರಿಗೆ ಅಳತೆಯವರು ಬಂದರು. ಅವರ ಮುಖ್ಯಸ್ಥ ಒಬ್ಬ ಇಂಗ್ಲಿಷ್ ಎಂಜಿನಿಯರ್. ಹೊಳೆಯ ಆಚೆಯ ಮದ್ರಾಸ್ ಸೀಮೆಯಿಂದ ಬಂದಿದ್ದ ಆತನಿಗೆ ಉರ್ದು ಬರುತ್ತಿರಲಿಲ್ಲ. ಜೊತೆಗಿದ್ದ ಆಳುಗಳು ತೆಲುಗಿನವರು. ಸರಪಳಿ ಎಳೆದರು, ಕೆಂಪು ಬಾವುಟ ನೆಟ್ಟರು, ಕಿತ್ತರು. ಊರವರು ಏನು ಕೇಳಿದರೂ ತಲೆ ಆಡಿಸಿ ಮುಂದೆ ಹೋದರು. ಊರ ಗೌಡ ಅಂದಪ್ಪ ಕಡೆಗೆ ವಿರೂಪಾಕ್ಷಮ್ಮನ ಮನೆಗೆ ಬಂದು, "ನಿನ್ನ ತಮ್ಮಗ ಇಂಗ್ಲಿಷ್ ಬರತೈತಲ್ಲವಾ? ಕರಸು. ಒಂದು ಮಾತು ಕೇಳಿ ಹೇಳಲಿ," ಅಂದ.

ದೇವೇಂದ್ರಪ್ಪ ಕೊಪ್ಪಳದಿಂದ ಎತ್ತಿನ ಗಾಡಿಯಲ್ಲಿ ಬಂದ. ದಾರಿಯುದ್ದಕ್ಕೂ ತಾನು ಕೇಳಬೇಕಾದ ವಾಕ್ಯವನ್ನು ತುಟಿಯಲ್ಲೇ ಹೇಳಿಕೊಂಡ. ಅವನು ತಲುಪಿದಾಗ ಎಂಜಿನಿಯರ್ ಕೆಲಸ ಮುಗಿಸಿ ಹರಗೋಲಿನಲ್ಲಿ ಕೂತುಬಿಟ್ಟಿದ್ದ. ಆತನಿಗೆ ಚಳಿಜ್ವರ. ಮುಖ ಕೆಂಪಗಾಗಿ, ಕಂಬಳಿ ಹೊದ್ದು ನಡುಗುತ್ತಿದ್ದ. ಹರಗೋಲು ನಡೆಸುವ ಓಬಳೆಪ್ಪ ಆಗಲೇ ಹುಟ್ಟು ಹಾಕಿ ದಂಡೆಯಿಂದ ನೂಕಿದ್ದ. ಜನರೆಲ್ಲ ಗಂಗಮ್ಮನ ಗುಡಿಯ ಮುಂದೆ ನಿಂತಿದ್ದರು.

"ಕೇಳೋ ಮಾಸ್ತರ, ಹೊಂಟ್ಬಿಟ್ಟ ನೋಡು!" ಅಂದಪ್ಪ ಅವನ ಬೆನ್ನು ತಳ್ಳಿದ.

ದೇವೇಂದ್ರಪ್ಪ ಮೆಟ್ಟಿಲಿಳಿದು, ಮೊಣಕಾಲ ತನಕ ನೀರಿಗಿಳಿದು, ಕೂಗಿ ಕೇಳಿದ. "ಸರ್, ಹೌ ಫಾರ್ ವಿಲ್ ದ ವಾಟರ್ ಕಮ್?" ನೀರು ಎಲ್ಲಿಯ ತನಕ ಬರುತ್ತದೆ?

ಎಂಜಿನಿಯರ್ ಅಚ್ಚರಿಯಿಂದ ತಿರುಗಿದ. ಹರಗೋಲು ಗಿರ್ರನೆ ಒಂದು ಸುತ್ತು ತಿರುಗಿತು. ಗದ್ದವನ್ನು ಸ್ವಲ್ಪ ಎತ್ತಿ ಆತ ಕೂಗಿದ. "ಅಪ್ ಟು ದ ಟೆಂಪಲ್ ಅಬೋವ್!"

ಅಷ್ಟೇ. ಹರಗೋಲು ಸೆಳವಿಗೆ ಸಿಕ್ಕು ದೂರವಾಯಿತು.

ದೇವೇಂದ್ರಪ್ಪನಿಗೆ ಒಂದೊಂದು ಶಬ್ದವೂ ಸ್ಪಷ್ಟವಾಗಿ ಕೇಳಿಸಿತ್ತು. ಆ ಸಂತೋಷಕ್ಕೆ ಅವನ ಮೈ ಜುಮ್ಮೆಂದಿತು. ಪುಸ್ತಕದ ಭಾಷೆ ಜೀವಂತ ಮನುಷ್ಯನ ಬಾಯಿಂದ ಬಂದು ತನಗೆ ತಿಳಿದಿತ್ತು. ಎಂದಿನಂತೆ ಶಬ್ದಗಳನ್ನು ಸಾಲಾಗಿ ಜೋಡಿಸಿಕೊಂಡ. ತನಕ. ಗುಡಿ. ಮೇಲೆ.

"ಏನಂತ?" ಅಂದಪ್ಪ ಕೇಳಿದ.

"ನೀರು ಗುಡಿ ಮ್ಯಾಲಿನ ತನಕ ಬರತೈತಂತ್ರಿ."

"ಈ ಗುಡಿ ಮ್ಯಾಲ? ಗಂಗಮ್ಮನ ಮ್ಯಾಲ?"

"ಹೌದ್ರಿ. ಗುಡಿ ಮ್ಯಾಲ ಅಂದ."

ಗುಂಪಿನಲ್ಲಿ ಯಾರೋ ನಕ್ಕರು. ಮಳೆಗಾಲದಲ್ಲಿ ಹೊಳೆ ತುಂಬಿ ಬಂದಾಗಲೆಲ್ಲ ಗಂಗಮ್ಮನ ಗುಡಿ ಮುಳುಗುತ್ತಿತ್ತು. ನೀರು ಇಳಿದ ಮೇಲೆ ರಾಡಿ ತೊಳೆದು, ಅರಿಸಿನ ಹಚ್ಚಿ, ಮತ್ತೆ ಪೂಜೆ ಮಾಡುವುದು ಊರಿಗೆ ರೂಢಿ. ಅಷ್ಟಕ್ಕೇ ಇಷ್ಟು ದಿನ ಹೆದರಿದ್ದೆವೆ ಎಂದು ಹೆಂಗಸರು ಅಳುತ್ತ ನಗುತ್ತ ಒಬ್ಬರನ್ನೊಬ್ಬರು ಹಿಡಿದುಕೊಂಡರು. ಅಂದಪ್ಪ ತನ್ನ ಹೆಗಲ ಮೇಲಿನ ಶಲ್ಯ ತೆಗೆದು ದೇವೇಂದ್ರಪ್ಪನಿಗೆ ಹೊದಿಸಿದ. ಅಕ್ಕ ಸಂಜೆ ಹೋಳಿಗೆ ಮಾಡಿ ತಮ್ಮನಿಗೆ ಬಡಿಸಿದಳು. "ನಿನ್ನ ಓದಿಸಿದ್ದು ಸಾರ್ಥಕ ಆತು ನೋಡು," ಅಂದಳು.

ಕುಷ್ಟಗಿಗೆ ಹೋಗುವ ಮಾತು ಅಲ್ಲಿಗೆ ನಿಂತಿತು. ಹಂಪಣ್ಣ ಆ ಕರಿಮಣ್ಣಿನ ಎರಿ ಹೊಲವನ್ನು ಬೇರೆಯವರಿಗೆ ಗೇಣಿಗೆ ಕೊಟ್ಟ. ವಿರೂಪಾಕ್ಷಮ್ಮ ಹಳೆಯ ಮಣ್ಣಿನ ಮನೆ ಕೆಡವಿ ಕಲ್ಲಿನ ಮನೆ ಕಟ್ಟಿಸಲು ಶುರು ಮಾಡಿದಳು. ಶೇಖರಮ್ಮನನ್ನು ಅದೇ ಊರಿನ ಗದ್ದೆಯವರ ಮನೆಗೆ ಕೊಟ್ಟಳು. ಮಗಳು ಕೂಗಿದರೆ ಕೇಳುವಷ್ಟು ಹತ್ತಿರ ಇರುತ್ತಾಳೆಂಬುದು ಆಕೆಯ ದೊಡ್ಡ ಸಮಾಧಾನ.

ಮರುವರ್ಷ ದೇವೇಂದ್ರಪ್ಪನ ಶಾಲೆಗೆ ಹೊಸ ಮುಖ್ಯೋಪಾಧ್ಯಾಯರಾಗಿ ದಾದೇಸಾಬ ಬಂದರು. ಅವರು ಸಿಕಂದರಾಬಾದಿನಲ್ಲಿ ಬಹಳ ಕಾಲ ಇಂಗ್ಲಿಷ್ ಅಧಿಕಾರಿಗಳ ಬಂಗಲೆಗಳಲ್ಲಿ ಉರ್ದು ಕಲಿಸುತ್ತಿದ್ದವರು. ವಯಸ್ಸಾದ ಮೇಲೆ ಹುಟ್ಟಿದ ಸೀಮೆಗೆ ಹಿಂತಿರುಗಿದ್ದರು. ಮೆಲುದನಿಯ ಮನುಷ್ಯ. ಒಂದು ಮಧ್ಯಾಹ್ನ ದೇವೇಂದ್ರಪ್ಪನ ತರಗತಿಯ ಹಿಂದಿನ ಮಣೆಯ ಮೇಲೆ ಬಂದು ಕೂತರು.

ದೇವೇಂದ್ರಪ್ಪ ಹಲಗೆಯ ಮೇಲೆ ಬರೆದಿದ್ದ ವಾಕ್ಯ: 'ದ ಸೌಂಡ್ ಕೇಮ್ ಫ್ರಮ್ ದ ರೂಮ್ ಅಬೋವ್.' ಅದರ ಕೆಳಗೆ ಅರ್ಥ: ಸಪ್ಪಳ ಕೋಣೆಯ ಮೇಲಿನಿಂದ ಬಂತು.

ಮಕ್ಕಳು ಹೋಗುವ ತನಕ ದಾದೇಸಾಬ ಕಾದರು. ಆಮೇಲೆ ಹಲಗೆಯ ಹತ್ತಿರ ಬಂದು, "ಮಾಸ್ತರ, ಕೋಣಿ ಮ್ಯಾಲಿಂದ ಅಲ್ಲ. ಮ್ಯಾಲಿನ ಕೋಣಿಯಿಂದ," ಅಂದರು.

"ರೂಮ್ ಆದ ಮ್ಯಾಲ ಅಬೋವ್ ಐತಲ್ರಿ?"

"ಅದ ನೋಡ್ರಿ ಅವರ ತರೀಕಾ. ಫ್ರಮ್, ಟು, ಇನ್ ಅನ್ನೋವು ಮೊದಲು ಬಂದು ನಿಂದರತಾವ. ಆಮ್ಯಾಲ ವಸ್ತುವಿನ ಹೆಸರು. ಆ ವಸ್ತು ಎಲ್ಲೈತಿ, ಮ್ಯಾಲೋ ಕೆಳಗೋ ಒಳಗೋ, ಆ ಶಬ್ದ ಹೆಸರಿನ ಹಿಂದ ಹತ್ತಿಕೊಂಡು ಬರತೈತಿ. ದ ವಿಲೇಜ್ ಬಿಲೋ ಅಂದ್ರ ಕೆಳಗಿನ ಊರು. ದ ನೈಟ್ ಬಿಫೋರ್ ಅಂದ್ರ ಹಿಂದಿನ ರಾತ್ರಿ. ನಮ್ಮ ಉರ್ದುದಾಗ, ನಿಮ್ಮ ಕನ್ನಡದಾಗ ಅದು ಹೆಸರಿಗಿಂತ ಮುಂದ ಇರತೈತಿ. ಅವರಲ್ಲಿ ಹಿಂದ. ನಾನೂ ಮೊದಮೊದಲು ಭಾಳ ಗಲತಿ ಮಾಡೀನಿ."

"ಹಂಗಾದ್ರ ಕೋಣಿ ಮ್ಯಾಲ ಅನ್ನಾಕ?"

"ಅಬೋವ್ ದ ರೂಮ್. ಆಗ ಅದು ಮುಂದ ಹೋತು, ಅರ್ಥನೂ ಬ್ಯಾರೆ ಆತು."

ದೇವೇಂದ್ರಪ್ಪ ಕೈಯಲ್ಲಿದ್ದ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟ.

"ಅಪ್ ಟು ದ ಟೆಂಪಲ್ ಅಬೋವ್ ಅಂದ್ರ ಏನ್ರಿ?"

"ಮ್ಯಾಲಿನ ಗುಡಿ ತನಕ," ಅಂದರು ದಾದೇಸಾಬ. "ಯಾಕ್ರಿ ಮಾಸ್ತರ? ಮೈಯಾಗ ಛಲೋ ಇಲ್ಲೇನು?"

ಎಂಜಿನಿಯರ್ ಗದ್ದ ಎತ್ತಿದ್ದು ಅವನ ಕಣ್ಣಮುಂದೆ ಬಂತು. ಜ್ವರದ ನಡುಕಕ್ಕೆ ಹಾಗೆ ಮಾಡಿದನೆಂದು ಅವನು ತಿಳಿದಿದ್ದ. ಆತ ಗುಡ್ಡವನ್ನು ತೋರಿಸಿದ್ದ. ಆತನಿಗೆ ಗಂಗಮ್ಮನ ಹೆಸರೂ ಗೊತ್ತಿರಲಿಲ್ಲ, ಮಲ್ಲಯ್ಯನ ಹೆಸರೂ ಗೊತ್ತಿರಲಿಲ್ಲ. ಕೆಳಗಿನದೊಂದು ಗುಡಿ, ಮೇಲಿನದೊಂದು ಗುಡಿ ಅಷ್ಟೇ. ಮೇಲಿನ ಗುಡಿಯ ತನಕ ನೀರು ಬಂದರೆ ಅಕ್ಕನ ಮನೆ, ಶೇಖರಮ್ಮನ ಮನೆ, ಊರಿನ ಕಟ್ಟಕಡೆಯ ಸೂರು, ಎಲ್ಲವೂ ನೀರಿನ ಕೆಳಗೆ.

ಅವನು ಆ ದಿನವೇ ಕರೇಬಂಡಿಗೆ ಹೊರಟ.

ಅಂದಪ್ಪನ ಮನೆಯ ಕಟ್ಟೆಯ ಮೇಲೆ ಹತ್ತಾರು ಜನ ಸೇರಿದರು. ದೇವೇಂದ್ರಪ್ಪ ನಿಂತುಕೊಂಡೇ ಹೇಳಿದ. ತಾನು ತಪ್ಪು ತಿಳಿದೆ, ನೀರು ಗಂಗಮ್ಮನ ಮೇಲೆ ಅಷ್ಟೇ ಅಲ್ಲ, ಮಲ್ಲಯ್ಯನ ಪಾದಕ್ಕೇ ಬರುತ್ತದೆ, ಈಗಿನಿಂದಲೇ ಬೇರೆ ಕಡೆ ನೆಲೆ ನೋಡಿಕೊಳ್ಳಿ ಎಂದ.

ಜನ ಮುಖ ಮುಖ ನೋಡಿಕೊಂಡರು.

"ದೊರಿ ಮತ್ತ ಸಿಕ್ಕಿದ್ನೇನು?" ಅಂದಪ್ಪ ಕೇಳಿದ.

"ಇಲ್ರಿ."

"ಬ್ಯಾರೆ ಸರಕಾರದವರು ಯಾರರ ಹೇಳ್ಯಾರ?"

"ಇಲ್ರಿ ಗೌಡ್ರ. ಅವ ಅಂದ ಮಾತಿನ ಅರ್ಥನ ಅದು."

"ಅದ ಮಾತು. ಹೋದ ವರ್ಷ ಒಂದು ಅರ್ಥ, ಈ ವರ್ಷ ಇನ್ನೊಂದು ಅರ್ಥ?"

ದೇವೇಂದ್ರಪ್ಪ ತಿಳಿಸಿ ಹೇಳಲು ಪ್ರಯತ್ನಿಸಿದ. ಒಂದು ಚರಿಗೆಯನ್ನು ಕಟ್ಟೆಯ ಮೇಲಿಟ್ಟ, ಇನ್ನೊಂದನ್ನು ಕೆಳಗಿಟ್ಟ. ನಾವು ಮೇಲಿನ ಚರಿಗಿ ಅನ್ನುತ್ತೇವೆ, ಅವರು ಚರಿಗಿ ಅಂದು ಆಮೇಲೆ ಮೇಲೆ ಅನ್ನುತ್ತಾರೆ ಎಂದ. "ಅವರ ಭಾಷಾದಾಗ ಮ್ಯಾಲ ಅನ್ನೂ ಶಬ್ದ ಹಿಂದ ಬರತೈತ್ರಿ. ನಾನು ನಮ್ಮ ಭಾಷಾದಂಗ ಕೂಡಿಸಿಬಿಟ್ಟೆ." ಹೇಳುತ್ತ ಹೇಳುತ್ತ ಅವನಿಗೇ ತನ್ನ ಮಾತು ಹಗುರಾಗಿ ಕೇಳತೊಡಗಿತು. ಒಂದು ಊರು ಮುಳುಗುವುದೋ ಉಳಿಯುವುದೋ ಒಂದು ಶಬ್ದ ಹಿಂದೆ ಬರುವುದರ ಮೇಲೆ ನಿಂತಿದೆ ಎಂದರೆ ಯಾರು ನಂಬುತ್ತಾರೆ?

ಓಬಳೆಪ್ಪ ಚರಿಗೆಯನ್ನು ಎತ್ತಿ ಅತ್ತಿತ್ತ ತಿರುಗಿಸಿದ. "ಮಾಸ್ತರ, ಹಂಗಾದ್ರ ನೀರು ಎಲ್ಲೀತನಕ ಅಂತ ನೀ ಕೇಳಿದ್ದು ಅವಗ ಹಿಂದಮುಂದ ತಿಳಿದಿರಬೇಕು ಬಿಡು," ಅಂದ. ಎಲ್ಲರೂ ನಕ್ಕರು. ಅದರಲ್ಲಿ ಕುಹಕವಿರಲಿಲ್ಲ. ಅವರು ಅವನನ್ನು ಪ್ರೀತಿಸುತ್ತಿದ್ದರು. ಒಳ್ಳೆಯ ಸುದ್ದಿ ತಂದವನು ಅವನೇ ಅಲ್ಲವೆ?

"ಭಾಳ ಓದಿ ತಲಿ ಕಾದೈತಿ," ಅಂದಪ್ಪ ಕನಿಕರದಿಂದ ಅಂದ. "ಮಜ್ಜಿಗಿ ಕುಡಿ. ಮಲಗು."

ಅಕ್ಕನ ಮನೆಯಲ್ಲಿ ಗೋಡೆ ಎದೆಯೆತ್ತರಕ್ಕೆ ಬಂದಿತ್ತು. ವಿರೂಪಾಕ್ಷಮ್ಮ ಕಟ್ಟಿಗೆ ಒಲೆಯ ಮುಂದೆ ಕೂತು ತಮ್ಮನ ಮಾತು ಪೂರ್ತಿ ಕೇಳಿದಳು. ನಗಲಿಲ್ಲ.

"ಖರೇನ ಹೇಳಾಕತ್ತೀಯೇನು?"

"ಖರೇ ಯಕ್ಕಾ."

"ನನಗ ನಿನ್ನ ಇಂಗ್ಲಿಷ್ ತಿಳಿಯೂದಿಲ್ಲ. ನಿನ್ನ ಮಾರಿ ತಿಳೀತೈತಿ. ಖರೇನ ಐತಿ." ಆಕೆ ಬೆಂಕಿ ಕೆದಕಿದಳು. "ಈಗ ಏನ ಮಾಡ್ಲಿ ಹೇಳು. ಹಂಪಣ್ಣನ ಹೊಲ ಬ್ಯಾರೆಯವರು ಬಿತ್ಯಾರ. ಮಗಳನ್ನ ಇಲ್ಲೇ ಕೊಟ್ಟೀನಿ, ಅಕಿ ಬಸರಿ ಅದಾಳ. ಅಕೀನ ಬಿಟ್ಟು ಒಬ್ಬಾಕಿ ಎಲ್ಲಿ ಹೋಗ್ಲಿ?"

ಆಕೆ ಮರುದಿನವೂ ಕಲ್ಲು ಕಟ್ಟುವವರನ್ನು ಕರೆಸಿದಳು. ಗೋಡೆ ಅರ್ಧಕ್ಕೆ ನಿಂತರೆ ಅಳಿಯನ ಮನೆಯವರು ಏನೆಂದುಕೊಂಡಾರು?

ಸರಕಾರದ ಬಾಯಿಂದಲೇ ಈ ಮಾತು ಹೊರಬಂದರೆ ಊರು ನಂಬುತ್ತದೆ ಎಂದು ಅವನು ಅಳತೆಯವರ ಬಿಡಾರಕ್ಕೆ ಹೋದ. ಗುಡಾರಗಳ ನಡುವೆ ನಿಜಾಮ ಸರಕಾರದ ಒಬ್ಬ ಗುಮಾಸ್ತ ಕೂತಿದ್ದ. ದೇವೇಂದ್ರಪ್ಪ ಬಾಯಿಪಾಠ ಮಾಡಿದ್ದ ಇಂಗ್ಲಿಷ್ ವಾಕ್ಯಗಳನ್ನು ಶುರು ಮಾಡಿದ. ಈ ಸಲ ಪ್ರತಿ ಶಬ್ದವೂ ಇರಬೇಕಾದ ಜಾಗದಲ್ಲೇ ಇತ್ತು. ಗುಮಾಸ್ತ ಕೈಯೆತ್ತಿ ತಡೆದ.

"ಉರ್ದು ನಹೀ ಆತೀ ಕ್ಯಾ?"

ಉರ್ದು ಬರುವುದಿಲ್ಲವೇ ಎಂದು ಕೇಳಿದ್ದಕ್ಕೆ ದೇವೇಂದ್ರಪ್ಪ ಉರ್ದುವಿನಲ್ಲಿ ಹೇಳಿದ. ಎಂಜಿನಿಯರ್ ಎಲ್ಲಿ ಎಂದು ಕೇಳಿದ. ಜ್ವರ ಹೆಚ್ಚಾಗಿ ಆತ ತನ್ನ ದೇಶಕ್ಕೆ ಹೋದ ಎಂದರು. ನೀರು ಎಲ್ಲಿಯ ತನಕ ಬರುತ್ತದೆ ಎಂದು ಕೇಳಿದ. ಅದು ಮೇಲಿನವರಿಗೆ ಗೊತ್ತು, ಹೇಳುವ ಕಾಲಕ್ಕೆ ಊರಿಗೆ ಹೇಳುತ್ತಾರೆ ಎಂದರು. ಕರೇಬಂಡಿಯ ಹೆಸರೆತ್ತಿದಾಗ ಗುಮಾಸ್ತನಿಗೆ ಅದು ಯಾವ ಕಡೆಯ ಊರು ಎಂಬುದೇ ತಿಳಿದಿರಲಿಲ್ಲ.

ಮುಂದೆ ಹೊಳೆಯ ಕಟ್ಟೆಯ ಕೆಲಸ ನಿಜವಾಗಿಯೂ ಶುರುವಾಯಿತು. ಕಲ್ಲು ಒಡೆಯುವ ಕೂಲಿಗೆ ಕರೇಬಂಡಿಯ ಗಂಡಸರೂ ಹೋದರು. ತಮ್ಮ ಊರು ಮುಳುಗಿಸುವ ಗೋಡೆಗೆ ತಾವೇ ಕಲ್ಲು ಹೊರುತ್ತಿದ್ದೇವೆಂಬುದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ದೇವೇಂದ್ರಪ್ಪ ಪ್ರತಿ ರಜೆಗೂ ಊರಿಗೆ ಹೋಗಿ ಒಬ್ಬೊಬ್ಬರನ್ನೇ ಹಿಡಿದು ಹೇಳುತ್ತಿದ್ದ. ಕ್ರಮೇಣ ಜನ ಅವನನ್ನು ಕಂಡರೆ ಸಂದಿಗೆ ಹೊರಳಿ ತಪ್ಪಿಸಿಕೊಳ್ಳತೊಡಗಿದರು. ಶೇಖರಮ್ಮನ ಮಾವ ಒಂದು ದಿನ ಮನೆ ಬಾಗಿಲಲ್ಲೇ ನಿಂತು, "ಬಾಣಂತಿ ಇರೂ ಮನಿ. ಮುಳುಗೂ ಮಾತು ಬ್ಯಾಡ್ರಿ ಇಲ್ಲಿ," ಅಂದ. ಅಂದಿನಿಂದ ಅವನು ಹೇಳುವುದನ್ನು ಬಿಟ್ಟ.

ಆಮೇಲೆ ಬಂದ ಗಲಾಟೆಯ ಕಾಲದಲ್ಲಿ ಯಾರಿಗೂ ಹೊಳೆಯ ಚಿಂತೆ ಇರಲಿಲ್ಲ. ನಿಜಾಮರ ಪರದ ರಜಾಕಾರರ ದಾಳಿಯ ಭಯಕ್ಕೆ ಊರೂರೇ ಗಡಿ ದಾಟಿ ಗದಗಿನ ಕಡೆಗೆ ಹೋದವು. ಶಾಲೆ ಮುಚ್ಚಿತು. ದೇವೇಂದ್ರಪ್ಪನೂ ಹೋದ. ಹೋಗುವಾಗ ಅಕ್ಕನನ್ನು ಕರೆದ. ಹೊಸ ಮನೆ ಬಿಟ್ಟು ಬರಲಾರೆನೆಂದಳು. ನಿಜಾಮರ ಆಳ್ವಿಕೆ ಮುಗಿದು ಅವನು ಹಿಂತಿರುಗಿದಾಗ ಮನೆಯೂ ಇತ್ತು, ಅಕ್ಕನೂ ಇದ್ದಳು. ಮೊಮ್ಮಗಳು ಅಂಗಳದಲ್ಲಿ ಓಡಾಡುತ್ತಿದ್ದಳು. ಒಂದು ಗಳಿಗೆ ಅವನಿಗೂ ಅನಿಸಿತು: ದಾದೇಸಾಬರೇ ತಪ್ಪು ಹೇಳಿದ್ದರೆ?

ಮುಂದಿನ ಬೇಸಿಗೆಯಲ್ಲಿ ಸುಣ್ಣದ ಗಡಿಗೆ ಹಿಡಿದ ಆಳುಗಳು ಬಂದರು. ಈ ಸಲ ಅವರು ಹೊಳೆಯ ದಂಡೆಗೆ ಇಳಿಯಲೇ ಇಲ್ಲ. ನೇರವಾಗಿ ಗುಡ್ಡ ಹತ್ತಿ, ಬಂಡೆಯಿಂದ ಬಂಡೆಗೆ ಬಿಳಿಯ ಗೆರೆ ಎಳೆಯುತ್ತ ಹೋದರು. ಮಲ್ಲಯ್ಯನ ಗುಡಿಯ ಮೊದಲ ಮೆಟ್ಟಿಲಿನ ಮೇಲೂ ಒಂದು ಗೆರೆ ಎಳೆದರು. ಊರಿನಿಂದ ನೋಡಿದರೆ ಆ ಗೆರೆ ಎಲ್ಲರ ತಲೆಯ ಮೇಲೆ, ಬಹಳ ಎತ್ತರದಲ್ಲಿ ಕಾಣುತ್ತಿತ್ತು.

"ಇದು ಏನ್ರಿ?" ಎಂದು ಕೇಳಿದವರಿಗೆ ಒಬ್ಬ ಆಳು ತಲೆಯೆತ್ತದೆ, "ನೀರು," ಅಂದ.

ದೇವೇಂದ್ರಪ್ಪನನ್ನು ಕರೆಸಿದರು. ಗೌಡರ ಮನೆಯ ಅದೇ ಕಟ್ಟೆ. ಅಂದಪ್ಪನಿಗೆ ಈಗ ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಗಂಗಮ್ಮನ ಮ್ಯಾಲ ಅಷ್ಟ ಬರತೈತಿ ಅಂತ ಹೇಳಿದಾಂವ ನೀನ ಅಲ್ಲೇನೋ?"

"ಹೌದ್ರಿ. ಆದ್ರ ಮರುವರ್ಷನ ಬಂದು ತಿದ್ದಿ ಹೇಳಿದ್ನಲ್ರಿ ಗೌಡ್ರ. ಇದ ಕಟ್ಟಿ ಮ್ಯಾಲ."

"ಯಾವಾಗ?"

ಅಂದಪ್ಪ ಸುಳ್ಳು ಹೇಳುತ್ತಿರಲಿಲ್ಲ. ಅವನ ಮುಖದಲ್ಲಿ ನಿಜವಾದ ಗೊಂದಲವಿತ್ತು. ದೇವೇಂದ್ರಪ್ಪ ಸುತ್ತಲೂ ನೋಡಿದ. ಓಬಳೆಪ್ಪ ತಲೆ ತಗ್ಗಿಸಿಕೊಂಡು, "ಬಂದಿದ್ದ ಖರೇ. ಏನೋ ಹಿಂದ ಮುಂದ ಅಂತ ಸಾಲಿ ಪಾಠ ಹೇಳಿದ್ದ. ನಮಗ ಏನ ತಿಳೀತೈತಿ ಅದು?" ಅಂದ.

"ನೀರು ಬರತೈತಿ, ಬಿಟ್ಟು ಹೋಗ್ರಿ ಅಂತ ಹೇಳಿದ್ನಲ್ಲೋ ಓಬಳೆಪ್ಪಾ!"

"ಹೇಳಿದ್ದಿ ಮಾಸ್ತರ. ಮೊದಲ ಹೇಳಿದ್ದು ಗಟ್ಟಿಯಾಗಿ ಹೇಳಿದ್ದಿ. ಆಮ್ಯಾಲ ಹೇಳಿದ್ದು ಅಳುಕ್ಯಾಡಿ ಹೇಳಿದ್ದಿ. ನಾವು ಗಟ್ಟಿ ಮಾತು ಹಿಡಕೊಂಡ್ವಿ."

ಯಾರೂ ದೇವೇಂದ್ರಪ್ಪನ ಮೇಲೆ ಕೈ ಮಾಡಲಿಲ್ಲ, ಬೈಯಲಿಲ್ಲ. ಒಬ್ಬೊಬ್ಬರಾಗಿ ಎದ್ದು ಹೋದರು.

ಗೆರೆಯ ಕೆಳಗಿನವರೆಲ್ಲ ಬಿಡಬೇಕೆಂದು ಡಂಗುರ ಸಾರಿದ್ದು ಅದೇ ವರ್ಷ. ಮೊದಲೇ ಎದ್ದು ಹೋಗಿದ್ದ ಊರುಗಳವರು ಹತ್ತಿರದ ಒಳ್ಳೆಯ ನೆಲವನ್ನೆಲ್ಲ ಹಿಡಿದಿದ್ದರು. ಕರೇಬಂಡಿಯವರಿಗೆ ಉಳಿದದ್ದು ಕಲ್ಲು, ಗರಸಿನ ನೆಲ. ಶೇಖರಮ್ಮನ ಗಂಡನ ಮನೆಯವರು ಗಂಗಾವತಿ ಕಡೆಗೆ ಹೋದರು. ವಿರೂಪಾಕ್ಷಮ್ಮ ಒಬ್ಬಳೇ ಕುಷ್ಟಗಿಗೆ ಬಂದಳು. ಹಂಪಣ್ಣ ಎರಿ ಹೊಲ ಕೊಡುವ ಸ್ಥಿತಿಯಲ್ಲಿರಲಿಲ್ಲ. ಹಿತ್ತಲ ಕಡೆಯ ಒಂದು ಕೋಣೆ ಕೊಟ್ಟ. ಆಕೆ ದಾಳಿಂಬೆ ತೋಟದ ಕೂಲಿಗೆ ಹೋಗತೊಡಗಿದಳು.

ದೇವೇಂದ್ರಪ್ಪ ಅಕ್ಕನನ್ನು ತನ್ನ ಮನೆಗೆ ಬರಹೇಳಿದ. ತಮ್ಮನ ಮನೆಯಲ್ಲಿ ಕೂತು ಉಣ್ಣುವ ವಯಸ್ಸು ತನಗಿನ್ನೂ ಆಗಿಲ್ಲ ಎಂದಳು. ಅದರಲ್ಲಿ ಸಿಟ್ಟು ಇದೆಯೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ.

ಕರೇಬಂಡಿ ಮುಳುಗಿದ ಮೇಲೆ, ಬೇಸಿಗೆಯ ಒಂದು ಭಾನುವಾರ ಅವನು ಕುಷ್ಟಗಿಗೆ ಹೋದ. ಆಕೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಅಂಗೈ ದಾಳಿಂಬೆ ಮುಳ್ಳಿಗೆ ಗೀರಿತ್ತು.

"ಉಣ್ಣು," ಅಂದಳು.

"ಯಕ್ಕಾ, ಅವತ್ತ ನಾನು ತಿಳಿಯೂದಿಲ್ಲ ಅಂದಿದ್ರ..."

"ಉಣ್ಣು. ಆರತೈತಿ."

ಉಂಡು ಕೈ ತೊಳೆಯಲು ನೀರು ನೋಡಿದ. ಕೊಡ ಖಾಲಿ ಇತ್ತು. ಅವನು ಕೊಡ ಎತ್ತಿಕೊಂಡು ಓಣಿಯ ತುದಿಯ ಬಾವಿಗೆ ಹೋದ. ಹಗ್ಗ ಬಿಟ್ಟ, ಬಿಟ್ಟ, ಪೂರ್ತಿ ಬಿಟ್ಟರೂ ಕೊಡಕ್ಕೆ ನೀರು ತಾಗಲಿಲ್ಲ. ಬಾವಿಯ ಮೇಲೆ ಬಗ್ಗಿ ಕೈಯನ್ನು ಎಷ್ಟು ಚಾಚಬಹುದೋ ಅಷ್ಟೂ ಚಾಚಿದ. ಹಿಂದಿನಿಂದ ಅಕ್ಕ ಬಂದು ಅವನ ಅಂಗಿಯ ತುದಿ ಹಿಡಿದುಕೊಂಡಳು.

"ಬಿಡು ತಮ್ಮಾ. ಬ್ಯಾಸಗಿ ಐತಿ. ಮುಂಜಾನೆ ಸ್ವಲ್ಪ ಊರತೈತಿ, ಆಗ ತರತೀನಿ."

ಅವನು ಹಗ್ಗ ಎಳೆದುಕೊಂಡ. ಕೊಡ ಬಾವಿಯ ಕಲ್ಲಿಗೆ ಬಡಿಯುತ್ತ ಮೇಲೆ ಬಂತು.